ಬಡಿಯುವವಳು, ಬೇಯಿಸುವವಳು

ಮನೆಯಲ್ಲಿ ಅತ್ತೆಯ ಮುಖ ನೋಡಿ ಸಾಕಾದ ಸೊಸೆಯರು ದುಡಿಯಲು ಹೊರಗೆ ಹೋದಾಗಲಾದರೂ ಉಸಿರು ಬಿಡುತ್ತಾರೆ. ಕಾವ್ಯಾಳಿಗೆ ಆ ಭಾಗ್ಯವೂ ಇರಲಿಲ್ಲ. ಭೂತನಾಳ ಹಳ್ಳಿಯ ಮನೆಯಲ್ಲಿ ಯಾರ ಬೈಗುಳ ಕೇಳುತ್ತ ಏಳುತ್ತಿದ್ದಳೋ ಅದೇ ಅತ್ತೆ ಶಂಕ್ರೆವ್ವನ ಪಕ್ಕ ಟಂಟಂ ಗಾಡಿಯಲ್ಲಿ ಒತ್ತಿಕೊಂಡು ವಿಜಯಪುರಕ್ಕೆ ಬರುತ್ತಿದ್ದಳು. ಬಂದು, ಅಥಣಿ ರಸ್ತೆಯಲ್ಲಿರುವ ಶಿವಶರಣಪ್ಪನವರ ಖಡಕ್ ರೊಟ್ಟಿ ಕಾರ್ಖಾನೆಯಲ್ಲಿ ಅದೇ ಶಂಕ್ರೆವ್ವನ ಎದುರಿಗೆ ಸಂಜೆ ಐದರ ಗಂಟೆ ಹೊಡೆಯುವವರೆಗೆ ಕೂರುತ್ತಿದ್ದಳು. ಇಬ್ಬರ ನಡುವೆ ಒಂದು ಹಂಚು, ಹಂಚಿನ ಕೆಳಗೆ ಬೆಂಕಿ, ಅಷ್ಟೆ.

ಕಾರ್ಖಾನೆ ಎಂದರೆ ಏನೋ ದೊಡ್ಡದೆಂದು ತಿಳಿಯಬೇಡಿ. ತಗಡಿನ ಉದ್ದ ಶೆಡ್ಡು, ಅದರ ತುಂಬ ನೆಲದ ಮೇಲೆ ಕೂತ ಹೆಂಗಸರು. ಅಲ್ಲಿ ಕೆಲಸ ನಡೆಯುತ್ತಿದ್ದುದು ಜೋಡಿಯಲ್ಲಿ. ಜೋಡಿಯೆಂದರೆ ಒಂದೇ ಮನೆಯ ಇಬ್ಬರು: ಅತ್ತೆ ಸೊಸೆ, ತಾಯಿ ಮಗಳು, ಅಕ್ಕ ತಂಗಿ. ದೊಡ್ಡವಳು ಜೋಳದ ಹಿಟ್ಟು ನಾದಿ ಹಲಗೆಯ ಮೇಲೆ ಬಡಿಯಬೇಕು, ಚಿಕ್ಕವಳು ಹಂಚಿನ ಮೇಲೆ ಹಾಕಿ ಗರಿಗರಿಯಾಗುವಂತೆ ಬೇಯಿಸಬೇಕು. ಶಿವಶರಣಪ್ಪನವರು ಬರೆದಿಟ್ಟ ನಿಯಮವಲ್ಲ ಇದು. ಮನೆಯಲ್ಲಿ ಹೇಗೋ ಹಾಗೆ ಇಲ್ಲಿಯೂ ನಡೆದುಕೊಂಡು ಬಂದಿತ್ತು. ಬಡಿಯುವವಳಿಗೆ ಮಾನ, ಬೇಯಿಸುವವಳಿಗೆ ಹೊಗೆ.

ಮನೆ ಮಂದಿ ತಿನ್ನುವ ರೊಟ್ಟಿ ಬಡಿಯಲು ನಮ್ಮ ಕಡೆ ಯಾವ ಹೆಣ್ಣುಮಗಳಿಗೆ ಬರುವುದಿಲ್ಲ? ಆದರೆ ಡಬ್ಬಿಯಲ್ಲಿ ಕೂತು ಪುಣೆಗೆ ಹೋಗುವ ರೊಟ್ಟಿ ಕಾಗದದ ಹಾಗೆ ತೆಳ್ಳಗಿರಬೇಕು, ಹಿಟ್ಟು ನಾದುವ ಪರಾತದಷ್ಟು ಅಗಲವಿರಬೇಕು, ಅಂಚು ಸೀಳಬಾರದು. ಅದಕ್ಕೆ ಬೇರೆಯದೇ ಕೈ ಬೇಕು. ಶಂಕ್ರೆವ್ವನಿಗೆ ಆ ಕೈ ಇತ್ತು. ಸೊಸೆಗೆ ಅದನ್ನು ಕಲಿಸುವ ಮನಸ್ಸು ಮಾತ್ರ ಎಳ್ಳಷ್ಟೂ ಇರಲಿಲ್ಲ. ಒಂದು ದಿನ ಕಾವ್ಯಾ ಹಿಟ್ಟಿನ ಉಂಡೆಗೆ ಕೈ ಹಾಕಿದ್ದಕ್ಕೆ ಶೆಡ್ಡಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಕೈ ತಗೀ ಬೇ. ನಿಮ್ಮ ಬಬಲೇಶ್ವರದಾಗ ರೊಟ್ಟಿ ಬಡೀತಾರೋ, ಗ್ವಾಡಿಗೆ ಸಗಣಿ ಕುಳ್ಳು ಬಡೀತಾರೋ, ದೇವರಿಗೇ ಗೊತ್ತು."

ಹೆಂಗಸರು ನಕ್ಕರು. ನಗಬಾರದಿತ್ತು, ಆದರೆ ಶಂಕ್ರೆವ್ವ ಮಾತಾಡಿದರೆ ನಗು ತಡೆಯುವುದು ಕಷ್ಟ. ಸೊಸೆ ಎಷ್ಟು ಉಂಡಳು, ಎಷ್ಟು ಹೊತ್ತಿಗೆ ಎದ್ದಳು, ಗಂಡ ಊರಿಗೆ ಬಂದ ದಿನ ಯಾವ ಸೀರೆ ಉಟ್ಟಳು, ಎಲ್ಲವೂ ಆ ಹಂಚಿನ ಮೇಲೆ ಬೇಯುತ್ತಿತ್ತು. ಗಂಡ ಸಂಗನಬಸವ ಲಾರಿ ಡ್ರೈವರ್, ತಿಕೋಟಾದ ಒಣದ್ರಾಕ್ಷಿ ಹೇರಿಕೊಂಡು ದೇಶ ತಿರುಗುವವನು. ಮನೆಗೆ ಬಂದಾಗ ಅವ್ವ ಹೇಳಿದ್ದಕ್ಕೆ ಹೂಂ ಅಂದು ಮಲಗುವ ಆಸಾಮಿ.

ಇದನ್ನೆಲ್ಲ ಕಾವ್ಯಾ ನುಂಗಿಕೊಂಡಿದ್ದಳು. ನುಂಗಲಾರದ್ದು ಒಂದೇ. ಬಬಲೇಶ್ವರದಿಂದ ತಂದೆ ತೀರಿಕೊಂಡ ಫೋನು ಬಂದದ್ದು ಬೆಳಿಗ್ಗೆ, ಕಾರ್ಖಾನೆಯಲ್ಲಿ ಕೂತಿದ್ದಾಗ. ಅವಳು ಎದ್ದು ನಿಂತಳು. ಶಂಕ್ರೆವ್ವ ಏಳಲಿಲ್ಲ.

"ಹಿಟ್ಟು ನಾದಿ ಇಟ್ಟೇನಿ. ಇದನ್ನ ಯಾರು ಬೇಯಸ್ತಾರ? ಮುಗಿಸಿ ಹೋಗು. ಸತ್ತವರು ಎಲ್ಲಿಗೂ ಓಡಿ ಹೋಗಂಗಿಲ್ಲ."

ಕಾವ್ಯಾ ಅಳುತ್ತ ಬೇಯಿಸಿದಳು. ಬಬಲೇಶ್ವರ ಮುಟ್ಟಿದಾಗ ಮಣ್ಣು ಮಾಡಿ ಮಂದಿ ಹೊಲದಿಂದ ತಿರುಗಿ ಬರುತ್ತಿದ್ದರು. ಅಪ್ಪನ ಮುಖ ಅವಳಿಗೆ ಸಿಗಲಿಲ್ಲ. ಅಂದಿನಿಂದ ಅವಳಿಗೆ ಈ ಲೋಕದಲ್ಲಿ ಬೇಕಾದದ್ದು ಒಂದೇ ಒಂದು: ದಿನದಲ್ಲಿ ಕೆಲಸದಷ್ಟು ಹೊತ್ತಾದರೂ ಆ ಮುಖ ತನ್ನ ಎದುರಿಗೆ ಇರಬಾರದು. ಬಂಗಾರ ಬೇಡ, ಬೇರೆ ಮನೆ ಬೇಡ, ಇಷ್ಟು ಸಾಕು.

ಹೀಗಿರುವಾಗ ಅರುಣಕುಮಾರ ಬಂದ. ಶಿವಶರಣಪ್ಪನವರ ತಂಗಿಯ ಮಗ. ಎಂಜಿನಿಯರಿಂಗ್ ಓದಿ, ಪುಣೆಯ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸದ ವಿಧಾನ ಅಳೆದು, ಒಡೆದು, ಮತ್ತೆ ಜೋಡಿಸಿ, ಅದೇ ಮಂದಿಯಿಂದ ಹೆಚ್ಚು ಮಾಲು ತೆಗೆಯುವ ವಿದ್ಯೆ ಕಲಿತವನು. ಮಾವನ ರೊಟ್ಟಿಗೆ ಬೇಡಿಕೆ ಏರುತ್ತಿತ್ತು, ರೊಟ್ಟಿ ಮಾತ್ರ ಏರುತ್ತಿರಲಿಲ್ಲ. ಹುಡುಗ ಕೆಟ್ಟವನೇನಲ್ಲ. ನಗುಮುಖ, ಎಲ್ಲರಿಗೂ ಬಹುವಚನ. ಹೆಂಗಸರನ್ನು ಕೂರಿಸಿಕೊಂಡು ಹೇಳಿದ:

"ನಿಮಗ ಕಷ್ಟ ಕೊಡಾಕ ಬಂದಿಲ್ರಿ ನಾ. ಕೆಲಸದಾಗಿನ ಕಷ್ಟ ತಗ್ಯಾಕ ಬಂದೀನಿ."

ಮೊಬೈಲಿನಲ್ಲಿ ಚಿತ್ರ ತೆಗೆದ. ಯಾರು ನೀರಿಗೆ ಎದ್ದರು, ಯಾರು ಹಿಟ್ಟಿಗೆ ಹೋದರು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಕೊನೆಗೆ ಅವನು ಕಂಡುಕೊಂಡದ್ದು ಇಷ್ಟು: ಪ್ರತಿ ಜೋಡಿಯಲ್ಲೂ ಒಬ್ಬಳು ಇನ್ನೊಬ್ಬಳಿಗಾಗಿ ಕಾಯುತ್ತಾಳೆ. ಒಂದೋ ಬಡಿದ ರೊಟ್ಟಿ ಹಂಚಿಗಾಗಿ ಕಾದಿರುತ್ತದೆ, ಇಲ್ಲವೇ ಹಂಚು ರೊಟ್ಟಿಗಾಗಿ ಸುಮ್ಮನೆ ಉರಿಯುತ್ತಿರುತ್ತದೆ.

"ಇಬ್ಬರಾಗ ಒಬ್ಬರು ಯಾವಾಗ್ಲೂ ಖಾಲಿ ಇರ್ತೀರಿ ನೋಡ್ರಿ," ಎಂದ.

"ಖಾಲಿ ಎಲ್ಲಿ ಸಾಹೇಬ್ರ? ಬಾಯಿ ನಡದಿರ್ತೈತಲ್ಲ!" ಎಂದಳು ರಹಿಮಾಬಿ. ತಿಕೋಟಾದಿಂದ ಬಸ್ಸಿನಲ್ಲಿ ಬಂದು ಹೋಗುವ ಈ ಹಿರಿಯಳು ಶಂಕ್ರೆವ್ವನ ಓರಗೆಯವಳು. ಬಡಿಯುವುದರಲ್ಲಿ ಅವಳ ಸಮ, ಬಾಯಲ್ಲಿ ಅವಳಷ್ಟು ಕೆಟ್ಟವಳಲ್ಲ. ಶೆಡ್ಡಿನ ತುಂಬ ನಗು ಎದ್ದಿತು. ಅರುಣಕುಮಾರನೂ ನಕ್ಕ.

ಮರುದಿನ ಊಟದ ಹೊತ್ತಿನಲ್ಲಿ ಅವನು ಕಾವ್ಯಾಳನ್ನು ಆಫೀಸು ಕೋಣೆಗೆ ಕರೆದ. ಹತ್ತನೆಯವರೆಗೆ ಓದಿದ್ದಳು, ಆ ಕಾರಣಕ್ಕೆ. ಲ್ಯಾಪ್‌ಟಾಪಿನಲ್ಲಿ ಹೊಸ ಶೆಡ್ಡಿನ ನಕ್ಷೆ ತೋರಿಸಿದ. ಬಡಿಯುವವರೆಲ್ಲ ಒಂದು ಸಾಲು, ಬೇಯಿಸುವವರೆಲ್ಲ ಇನ್ನೊಂದು ಸಾಲು. ಬಡಿದ ರೊಟ್ಟಿ ತಟ್ಟೆಯಲ್ಲಿ ಜಾರಿ ಬರುತ್ತದೆ, ಯಾರ ಹಂಚು ಖಾಲಿಯೋ ಅವಳು ಎತ್ತಿಕೊಳ್ಳುತ್ತಾಳೆ. ಯಾರೂ ಯಾರಿಗೂ ಕಾಯಬೇಕಿಲ್ಲ.

"ಜೋಡಿ ಮುರಿದ್ರ ಹೆಣ್ಣುಮಕ್ಕಳು ಜಗಳಕ್ಕ ಬರ್ತಾರ ಅಂತ ಮಾವ ಹೆದರ್ಯಾರ. ನಿಮಗೇನ ಅನಸ್ತೈತಿ?"

ಕಾವ್ಯಾಳ ಕಣ್ಣು ನಕ್ಷೆಯ ಮಧ್ಯದ ದಪ್ಪ ಗೆರೆಯ ಮೇಲೆ ನಿಂತುಬಿಟ್ಟಿತ್ತು.

"ಇದೇನ್ರಿ ನಡುವ?"

"ಅದು ಗ್ವಾಡಿ. ಹೊಗಿ, ಕಾವು ಈ ಕಡೆ ಬರಬಾರದು ಅಂತ. ತಟ್ಟಿ ಹೋಗೂವಷ್ಟು ಒಂದು ಕಿಂಡಿ ಇರ್ತೈತಿ."

ಗೋಡೆ! ದೇವರಿಗೆ ಕೈ ಮುಗಿದರೂ ಇಷ್ಟು ನೇರವಾಗಿ ಕೊಡುತ್ತಿರಲಿಲ್ಲ.

"ಭಾಳ ಚಲೋ ಆಗ್ತೈತ್ರಿ. ನೀವು ಮಾಡ್ರಿ, ಹೆಣ್ಣುಮಕ್ಕಳಿಗೆ ನಾ ಹೇಳ್ತೀನಿ," ಎಂದಳು.

ಅರುಣಕುಮಾರ ಖುಷಿಯಾಗಿ ಮುಂದಿನದನ್ನೂ ತೋರಿಸಿದ. ನೆಲದಿಂದ ಏಳುವುದು ಕೂರುವುದರಲ್ಲೇ ಹೊತ್ತು ಹೋಗುತ್ತದೆ, ಆದ್ದರಿಂದ ಎಲ್ಲರಿಗೂ ಎತ್ತರದ ಕಟ್ಟೆ, ನಿಂತೇ ಕೆಲಸ. ಆಮೇಲೆ ತುಸು ಅನುಮಾನಿಸಿ ಕೇಳಿದ:

"ವಯಸ್ಸಾದವರು ಅದಾರಲ್ಲ, ಅವರಿಗೆ ಎತ್ತರದ ಸ್ಟೂಲ್ ಮಾಡಸೋಣೇನು? ನಿಮ್ಮ ಅತ್ತಿಯವರಿಗೆ ಕಾಲುನೋವು ಅದು ಇದು ಐತೇನ್ರಿ?"

ಶಂಕ್ರೆವ್ವನ ಮೊಣಕಾಲು ಹೇಗಿದೆ ಎಂಬುದು ಕಾವ್ಯಾಳಿಗೆ ಗೊತ್ತಿದ್ದಷ್ಟು ಡಾಕ್ಟರಿಗೂ ಗೊತ್ತಿರಲಿಲ್ಲ. ದಿನಾ ಸಂಜೆ ಎಣ್ಣೆ ಹಚ್ಚಿ ತಿಕ್ಕುವವಳು ಅವಳೇ. ಆ ಕಾಲು ಎಷ್ಟು ಹೊತ್ತು ತಡೆದೀತು ಎಂಬುದು ಅವಳ ಹೆಬ್ಬೆರಳಿಗೆ ಗೊತ್ತಿತ್ತು. ಆದರೂ ಹೇಳಿದಳು, ಕಣ್ಣು ಪಿಳುಕಿಸದೆ ಹೇಳಿದಳು:

"ಏನೂ ಇಲ್ರಿ, ಗಟ್ಟಿ ಅದಾರ. ಸ್ಟೂಲ್ ಬ್ಯಾಡ್ರಿ. ಕುಂತ್ರ ನಿದ್ದಿ ಬರ್ತೈತಿ, ಮಾತು ಜಾಸ್ತಿ ಆಗ್ತಾವ."

"ಅದೂ ಖರೆ," ಎಂದು ಅವನು ನಕ್ಷೆಯಿಂದ ಸ್ಟೂಲುಗಳನ್ನು ಅಳಿಸಿ ಹಾಕಿದ.

ಗೋಡೆ ಎದ್ದಿತು. ಹೆಂಗಸರು ಗೊಣಗಿದರು, ಕಾವ್ಯಾ ಸಮಾಧಾನ ಹೇಳಿದಳು, ಕೆಲಸ ಶುರುವಾಯಿತು. ಮೊದಲ ದಿನ ಅವಳು ಹಂಚಿನ ಮುಂದೆ ನಿಂತು ತಲೆ ಎತ್ತಿದಾಗ ಎದುರಿಗೆ ಕಂಡದ್ದು ಸುಣ್ಣ ಹೊಡೆದ ಬಿಳಿ ಗೋಡೆ. ಅಷ್ಟು ಚಂದದ ನೋಟವನ್ನು ಅವಳು ಗೋಲಗುಮ್ಮಟದ ಮೇಲೆ ಹತ್ತಿದಾಗಲೂ ಕಂಡಿರಲಿಲ್ಲ. ಪಕ್ಕದವಳು ಏನೋ ಅಂದದ್ದಕ್ಕೆ ಜೋರಾಗಿ ನಕ್ಕಳು. ಬಹಳ ವರ್ಷಗಳ ಮೇಲೆ ನಕ್ಕದ್ದಕ್ಕೆ ಗಂಟಲು ಕೆರೆದು ಕೆಮ್ಮು ಬಂದಿತು.

ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅಷ್ಟು ಕೈಗಳಲ್ಲಿ ಶಂಕ್ರೆವ್ವನ ಕೈ ಯಾವುದೆಂದು ಅವಳಿಗೆ ತಿಳಿಯುತ್ತಿತ್ತು. ಮಧ್ಯಾಹ್ನವಾದಂತೆ ಆ ಸದ್ದು ತಡವರಿಸುವುದೂ ತಿಳಿಯುತ್ತಿತ್ತು. ಆಗ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಸುಳ್ಳೇಕೆ ಹೇಳಬೇಕು, ಅವಳು ಆ ಸದ್ದಿಗೆ ಕಿವಿಗೊಟ್ಟೇ ಕೆಲಸ ಮಾಡುತ್ತಿದ್ದಳು. ಸಂಜೆ ಮನೆಯಲ್ಲಿ ಬಾತ ಮೊಣಕಾಲಿಗೆ ಎಣ್ಣೆ ಹಚ್ಚುವಾಗ ನೋವಿರುವ ಜಾಗದಲ್ಲೇ ಒತ್ತಿ ಹಿಡಿಯುತ್ತಿದ್ದಳು. ಶಂಕ್ರೆವ್ವ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು, ಬೈಯಲೂ ತ್ರಾಣವಿಲ್ಲದೆ.

ಒಂದು ದಿನ ರಹಿಮಾಬಿ ಕಿಂಡಿಯ ಬಳಿ ಬಂದು ಬಗ್ಗಿದಳು.

"ತಂಗಿ, ನೀ ಸಾಹೇಬರಿಗೆ ಬೇಕಾದಾಕಿ. ನಮಗೊಂದೊಂದು ಸ್ಟೂಲ್ ಹಾಕಸವಾ. ನನ್ನ ಸೊಂಟ ಹೋಗೇತಿ. ನಿಮ್ಮತ್ತೀದಂತೂ ನೋಡಾಕ ಆಗವಲ್ದು."

"ಕೇಳೇನ್ರಿ ಖಾಲಾ. ಭಾಳ ಕೇಳ್ಕೊಂಡೆ. ಸಾಹೇಬರು ಒಪ್ಪವಲ್ರು," ಎಂದಳು ಕಾವ್ಯಾ. ಹಿಂದೊಮ್ಮೆ ಕೈ ಸುಟ್ಟುಕೊಂಡಾಗ ಇದೇ ರಹಿಮಾಬಿ ತನ್ನ ಚೀಲದಿಂದ ಮುಲಾಮು ತೆಗೆದು ಹಚ್ಚಿದ್ದಳು. ಅದು ನೆನಪಾಗದೆ ಇರಲಿಲ್ಲ. ಆದರೆ ಒಬ್ಬಳಿಗೆ ಸ್ಟೂಲು ಬಂದರೆ ಇನ್ನೊಬ್ಬಳಿಗೂ ಬರುತ್ತದಲ್ಲ!

ಆ ವಾರವೇ ಶಂಕ್ರೆವ್ವ ಬಿದ್ದಳು. ಬೀಳುವಾಗ ಆಸರೆಗೆ ಹಿಡಿದದ್ದು ಹಿಟ್ಟು ನಾದುವ ಬಿಸಿನೀರಿನ ಪಾತ್ರೆ. ಅದು ತೊಡೆಯ ಮೇಲೆ ಮಗುಚಿತು. ಗೋಡೆಯಾಚೆ ಕೂಗಾಟ ಎದ್ದಾಗ ಬೇಯಿಸುವ ಹೆಂಗಸರೆಲ್ಲ ಓಡಿದರು. ಕಾವ್ಯಾ ಹಂಚಿನ ಮೇಲಿದ್ದ ರೊಟ್ಟಿಯ ಮೇಲೆ ನೀರು ಸವರಿದಳು, ತಿರುವಿ ಹಾಕಿದಳು, ಅರಿವೆಯಿಂದ ಒತ್ತಿ ಗರಿಗರಿ ಮಾಡಿದಳು, ಎತ್ತಿ ಬುಟ್ಟಿಯಲ್ಲಿಟ್ಟಳು. ಆಮೇಲೆ ಹೋದಳು.

ಶಂಕ್ರೆವ್ವನ ಕೆಲಸ ಅಂದಿಗೆ ಮುಗಿಯಿತು. ತಿಂಗಳೊಪ್ಪತ್ತಿನಲ್ಲಿ ರಹಿಮಾಬಿಯೂ ಬರುವುದು ಬಿಟ್ಟಳು, ಇನ್ನಿಬ್ಬರು ಮುದುಕಿಯರೂ ಬಿಟ್ಟರು. ಅವರ ಜಾಗಕ್ಕೆ ಗಟ್ಟಿ ಕಾಲಿನ ಹುಡುಗಿಯರು ಬಂದರು. ರೊಟ್ಟಿ ಏರಿತು. ಶಿವಶರಣಪ್ಪನವರು ಎಲ್ಲರಿಗೂ ಪೇಢೆ ಹಂಚಿದರು, ಕಾವ್ಯಾಳನ್ನು ಬೇಯಿಸುವ ಸಾಲಿಗೆ ಲೀಡರ್ ಮಾಡಿದರು. ಟಂಟಂನಲ್ಲಿ ಅವಳು ಈಗ ಅಂಚಿನ ಕಡೆ ಒಬ್ಬಳೇ ಅಗಲವಾಗಿ ಕೂರುತ್ತಿದ್ದಳು.

ಆ ಸುಖ ಯುಗಾದಿಯವರೆಗೆ ನಡೆಯಿತು. ಹಬ್ಬ ಮುಗಿಸಿಕೊಂಡು ಕೆಲಸಕ್ಕೆ ಬಂದರೆ ಬೇಯಿಸುವ ಸಾಲಿನ ಜಾಗದಲ್ಲಿ ಸ್ಟೀಲಿನ ಉದ್ದನೆಯ ಪೆಟ್ಟಿಗೆಯೊಂದು ಮಲಗಿತ್ತು. ಒಂದು ಬಾಯಿಯಿಂದ ಹಸಿ ರೊಟ್ಟಿ ಒಳಗೆ ಹೋಗುತ್ತಿತ್ತು, ಇನ್ನೊಂದು ಬಾಯಿಯಿಂದ ಖಡಕ್ ರೊಟ್ಟಿ ಹೊರಗೆ ಬೀಳುತ್ತಿತ್ತು. ಅರುಣಕುಮಾರ ಅದರ ಬೆನ್ನು ಸವರುತ್ತ ನಿಂತಿದ್ದ.

"ನಿಮ್ಮ ಉಪಕಾರ ದೊಡ್ಡದು ಕಾವ್ಯಾ ಅವರ," ಎಂದ, ಮನಸಾರೆ. "ಮೊದಲು ಹಂಚು ಒಂದೊಂದು ಒಂದೊಂದು ಕಡೆ ಇದ್ದವು. ಅಲ್ಲಿ ಎಂಥಾ ಮಷೀನ್ ಕೂಡಸಾಕ ಬರ್ತಿತ್ತು? ಎಲ್ಲಾ ಒಂದು ಸಾಲಿಗೆ ಬಂದವಲ್ಲ, ಕೆಲಸ ಹಗುರಾತು."

"ನಾವೇನ್ ಮಾಡೂದ್ರಿ?"

"ಬಡಿಯಾಕ ಬಂದ್ರ ಇವತ್ತೇ ನಿಲ್ರಿ. ಡಬ್ಬಿ ಮ್ಯಾಲ ಕೈಲೆ ಬಡಿದ ರೊಟ್ಟಿ ಅಂತ ಐತಿ. ಅದೊಂದು ಕೆಲಸ ಮಷೀನಿಗೆ ಕೊಡಾಕ ಮಾವ ಒಪ್ಪಂಗಿಲ್ಲ."

ಅವಳು ಕಟ್ಟೆಯ ಮುಂದೆ ನಿಂತು ಬಡಿದಳು. ಮೊದಲನೆಯದು ದಪ್ಪವಾಯಿತು. ಎರಡನೆಯದನ್ನು ತೆಳ್ಳಗೆ ಮಾಡಲು ಹೋಗಿ ಅಂಚು ಸೀಳಿತು. ಮೂರನೆಯದು ಹಲಗೆಯಿಂದ ಏಳಲೇ ಇಲ್ಲ. ನಿನ್ನೆ ಮೊನ್ನೆ ಬಂದ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ಅರುಣಕುಮಾರ ನಗಲಿಲ್ಲ, ಮೊಬೈಲು ತೆಗೆದು ಹೊತ್ತು ನೋಡಿ ಕನಿಕರದಿಂದ ತಲೆ ಅಲ್ಲಾಡಿಸಿದ. ಸಂಜೆಯೊಳಗೆ ಬೇಯಿಸುವ ಹೆಂಗಸರೆಲ್ಲ ಲೀಡರ್ ಸಮೇತ ಮನೆಗೆ ಹೊರಟರು.

ಕಾವ್ಯಾ ಸುಮ್ಮನೆ ಕೂರಲಿಲ್ಲ, ಕೂರಲು ಹೆದರಿದಳು. ಸೊಲ್ಲಾಪುರ ರಸ್ತೆಯ ಅಂಗಡಿಗಳಲ್ಲಿ ಕೇಳಿದಳು. ಬಸ್ಸು ಹತ್ತಿ ತಿಕೋಟಾಕ್ಕೆ ಹೋಗಿ ರಹಿಮಾಬಿಯ ಮನೆ ಹುಡುಕಿದಳು, ಅವಳು ಈಗ ಕೆಲಸಕ್ಕೆ ಕೂರುತ್ತಿದ್ದ ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಒಂದು ಜಾಗ ಕೊಡಿಸುವಂತೆ ಬೇಡಿಕೊಂಡಳು. ರಹಿಮಾಬಿ ಸೊಂಟ ಹಿಡಿದುಕೊಂಡೇ ಎದ್ದು ಚಹಾ ಮಾಡಿ ಕೊಟ್ಟಳು.

"ಅಲ್ಲಿ ನಾವೇ ಹೆಚ್ಚಾಗೇವಿ ತಂಗಿ. ಇದ್ದವರನ್ನೇ ಬಿಡಸಾಕತ್ತಾರ. ನೀ ಪಾಪ, ಅವತ್ತು ನಮ್ಮ ಸ್ಟೂಲಿನ ಸಲುವಾಗಿ ಸಾಹೇಬರ ಕೂಡ ಅಷ್ಟು ಬಡದಾಡಿದಿ. ನಿನಗ ಹಿಂಗ ಆಗಬಾರದಿತ್ತು," ಎಂದು ತಲೆ ಸವರಿದಳು.

ಕಾವ್ಯಾ ಚಹಾ ಹಾಗೆಯೇ ಬಿಟ್ಟು ಬಸ್ಸಿಗೆ ಎದ್ದಳು.

ಹೀಗಾಗಿ ಮನೆಯಲ್ಲಿ ಈಗ ಇಬ್ಬರೇ. ಒಂದು ಕೋಣೆ, ಒಂದು ಪಡಸಾಲೆ. ಶಂಕ್ರೆವ್ವನ ಸುಟ್ಟ ತೊಡೆ ಮಾಗಿತ್ತು, ಬಾಯಿಯೂ ಮೊದಲಿನಂತೆ ಚುರುಕಾಗಿತ್ತು. ಬೈಯಲು ಬೇರೆ ಮುಖ ಇಲ್ಲದ್ದರಿಂದ ಅಷ್ಟನ್ನೂ ಕಾವ್ಯಾಳೇ ಕೇಳಬೇಕಾಗಿತ್ತು. ಮೊದಲಾದರೆ ಶೆಡ್ಡಿನಲ್ಲಿ ನಗುವವರಾದರೂ ಇದ್ದರು.

ಮಳೆಗಾಲಕ್ಕೆ ಮುಂಚೆ ಒಂದು ಮುಂಜಾನೆ ಅರುಣಕುಮಾರನ ಕಾರು ಬಾಗಿಲ ಮುಂದೆ ನಿಂತಿತು. ಅವನ ಪೆಟ್ಟಿಗೆ ಹಸಿದು ನಿಂತಿತ್ತು. ಹೊಸ ಹುಡುಗಿಯರು ಬಡಿದದ್ದು ಒಳಗೆ ಹೋಗಿ ಮುರಿದು ಬರುತ್ತಿತ್ತು. ಹಳೆಯ ಕೈಗಳು ಬೇಕಾಗಿದ್ದವು.

"ಅಮ್ಮಾರ, ನೀವು ತಿರುಗಿ ಬರಬೇಕ್ರಿ," ಎಂದ ಶಂಕ್ರೆವ್ವನಿಗೆ, ಕೈ ಜೋಡಿಸಿ. "ಗಾಡಿ ಮನೀಗೇ ಕಳಸ್ತೀನಿ. ಬೆನ್ನು ಆನಿಸೂವಂಥಾ ಕುರ್ಚಿ ಮಾಡಿಸೀನಿ. ಬೇಕಾದಷ್ಟು ಹೊತ್ತು ಕೂಡ್ರಿ."

ಒಳಗೆ ಚಹಾ ಸೋಸುತ್ತಿದ್ದ ಕಾವ್ಯಾಳ ಮೈಯೆಲ್ಲ ಕಿವಿಯಾಯಿತು. ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾಳೆ! ಇಡೀ ಹಗಲು ಈ ಮನೆಯಲ್ಲಿ ತಾನೊಬ್ಬಳೇ! ಅವಳು ಬಟ್ಟಲು ಹಿಡಿದು ಓಡಿ ಬಂದಳು.

"ಹೋಗ್ರಿ ಅತ್ತಿ. ಸಾಹೇಬರು ಮನೀತನಾ ಬಂದಾರ. ಇಲ್ಲ ಅನಬ್ಯಾಡ್ರಿ."

ಶಂಕ್ರೆವ್ವನ ಮುಖ ಅರಳಿಯೇ ಇತ್ತು. ಎಷ್ಟೆಂದರೂ ಮಾನದ ಮಾತು. ಹೂಂ ಅನ್ನುವವಳೇ ಇದ್ದಳು. ಆಗ ಅರುಣಕುಮಾರ ಇನ್ನೂ ಒಂದಿಷ್ಟು ಒಳ್ಳೆಯವನಾಗಲು ಹೋದ.

"ನೀವು ಬಿದ್ದದ್ದು ನನಗ ಇವತ್ತಿಗೂ ಮನಸ್ಸಿಗೆ ಹತ್ತೇತ್ರಿ. ಅವತ್ತೇ ಸ್ಟೂಲ್ ಮಾಡಸೂ ವಿಚಾರ ಇತ್ತು ನಂದು, ನಕ್ಷೆದಾಗೂ ಹಾಕಿದ್ದೆ. ಇವರನ್ನೇ ಕೇಳಿದೆ. ಅತ್ತಿ ಗಟ್ಟಿ ಅದಾರ, ಕುಂತ್ರ ನಿದ್ದಿ ಬರ್ತೈತಿ, ಬ್ಯಾಡ್ರಿ ಅಂದ್ರು. ಪಾಪ, ಅವರಿಗೂ ಗೊತ್ತಿರಲಿಕ್ಕಿಲ್ಲ, ನಿಮಗ ಕಾಲುನೋವು ಅಂತ."

ದಿನಾ ಎಣ್ಣೆ ಹಚ್ಚುವ ಕೈಗಳನ್ನು ಶಂಕ್ರೆವ್ವ ಬಹಳ ಹೊತ್ತು ನೋಡಿದಳು. ಕಾವ್ಯಾ ಬಟ್ಟಲನ್ನು ನೆಲದ ಮೇಲಿಟ್ಟು ಕೈಗಳನ್ನು ಸೆರಗಿನೊಳಗೆ ಸರಿಸಿದಳು.

"ಇಕೀಗೆ ಕೆಲಸ ಐತೇನಪಾ ಅಲ್ಲಿ?" ಶಂಕ್ರೆವ್ವ ಮೆತ್ತಗೆ ಕೇಳಿದಳು.

"ಸದ್ಯಕ್ಕ ಇಲ್ರಿ."

"ಹಂಗಾರ ನಾ ಹೆಂಗ ಬರ್ಲಿ? ಸೊಸೀನ ಒಬ್ಬಾಕಿನ್ನ ಮನ್ಯಾಗ ಬಿಟ್ಟು ಬರಾಕ ಮನಸ್ಸು ಬರವಲ್ದು. ಒಂದು ಕೆಲಸ ಮಾಡು. ಹಿಟ್ಟು ಇಲ್ಲಿಗೇ ಕಳಸು. ಇಲ್ಲೇ ಬಡೀತೀನಿ. ಇಕಿ ಬೇಯಸ್ತಾಳ. ಖಡಕ್ ರೊಟ್ಟಿನ ಡಬ್ಬೀಗೆ ತುಂಬಿ ಕೊಡ್ತೀವಿ."

"ಅತ್ತಿ, ಬ್ಯಾಡ್ರಿ. ನೀವು ಹೋಗ್ರಿ. ಕಾಲು ಬೀಳ್ತೀನಿ," ಎಂದಳು ಕಾವ್ಯಾ.

ಅರುಣಕುಮಾರನಿಗೆ ಅದು ಕೇಳಿಸಲೇ ಇಲ್ಲ. ಅವನು ಆಗಲೇ ಲೆಕ್ಕದಲ್ಲಿ ಮುಳುಗಿದ್ದ. ಶೆಡ್ಡಿನಲ್ಲಿ ಜಾಗ ಉಳಿಯಿತು, ಪೆಟ್ಟಿಗೆಗೆ ಉರಿಸುವ ಗ್ಯಾಸು ಉಳಿಯಿತು, ಗಾಡಿ ಕಳಿಸುವುದು ಉಳಿಯಿತು, ಕುರ್ಚಿಯೂ ಉಳಿಯಿತು. ಹಳೆಯ ಕೈಗಳಿಗೆಲ್ಲ ಮನೆಯಲ್ಲೇ ಹೀಗೆ ಕೆಲಸ ಕೊಟ್ಟರೆ? ಅವನ ಕಣ್ಣುಗಳು ಮಿಂಚಿದವು.

"ಎಂಥಾ ಐಡಿಯಾ ಕೊಟ್ರಿ ಅಮ್ಮಾರ! ಮಧ್ಯಾಹ್ನ ಹಿಟ್ಟಿನ ಚೀಲ ಬರ್ತಾವ," ಎಂದು ಚಹಾ ಕುಡಿಯದೆ ಎದ್ದು ಹೋದ.

ಚೀಲಗಳು ಬಂದವು. ಶಂಕ್ರೆವ್ವ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಹಲಗೆಯನ್ನು ಮಡಿಲ ಹತ್ತಿರ ಎಳೆದುಕೊಂಡಳು. ಕಾವ್ಯಾ ಒಲೆಯನ್ನು ಬಾಗಿಲ ಕಡೆ ಹೂಡಲು ಹೋದಳು.

"ಅಲ್ಲಲ್ಲ. ಇಲ್ಲಿ, ನನ್ನ ಎದುರಿಗೆ. ಇನ್ನೂ ಹತ್ರ."

ಕಾವ್ಯಾ ಒಲೆಯನ್ನು ಹತ್ತಿರ ಸರಿಸಿದಳು. ತಲೆ ತಗ್ಗಿಸಿ ಕೂತಳು.

"ತಲಿ ಎತ್ತಿ ಕೂಡು. ಅವಸರ ಏನಿಲ್ಲ. ಇಲ್ಲಿ ಐದಕ್ಕ ಗಂಟಿ ಹೊಡಿಯಂಗಿಲ್ಲ," ಎಂದಳು ಶಂಕ್ರೆವ್ವ.

ಅಷ್ಟು ಹೇಳಿ ಬಿಸಿನೀರು ಸುರಿದುಕೊಂಡು ಹಿಟ್ಟು ನಾದತೊಡಗಿದಳು.